ಒಳಬಾಗಿನ ಜೇಬುಚಾಕು: ಜೊತೆಗಿಟ್ಟುಕೊಳ್ಳುವುದು ಹೇಗೆ, ಮಸೆಯುವುದು ಹೇಗೆ

ನಮ್ಮ ಅಡಿಕೆ ತೋಟ ಸಾಗರದ ಹತ್ತಿರ. ತೋಟಕ್ಕೆ ಇಳಿಯುವಾಗ ಸೊಂಟದಲ್ಲಿ ಕತ್ತಿ ಇರುತ್ತದೆ, ಜೇಬಿನಲ್ಲಿ ಒಂದು ಸಣ್ಣ ಮಡಚುವ ಚಾಕು. ಕತ್ತಿ ದೊಡ್ಡ ಕೆಲಸಕ್ಕೆ. ಮೆಣಸಿನ ಬಳ್ಳಿ ಕಟ್ಟಿದ ದಾರ ಬಿಡಿಸಲು, ಗೊಬ್ಬರದ ಚೀಲದ ಹೊಲಿಗೆ ಕತ್ತರಿಸಲು, ಡ್ರಿಪ್ ಪೈಪ್ ತುಂಡು ಮಾಡಲು ಚಾಕೇ ಬೇಕು. ನನ್ನ ಚಾಕಿನ ಬಾಯಿ ನೇರವಾಗಿಲ್ಲ. ಹಿಡಿಯ ಹತ್ತಿರ ಸ್ವಲ್ಪ ಒಳಕ್ಕೆ ಬಾಗಿದೆ. ಆಮೇಲೆ ಹೊಟ್ಟೆಯ ಹಾಗೆ ಹೊರಕ್ಕೆ ಉಬ್ಬಿ ಮೊನೆಗೆ ಹೋಗುತ್ತದೆ. ಇಂಗ್ಲಿಷಿನ ಎಸ್ ಅಕ್ಷರವನ್ನು ಎರಡೂ ತುದಿ ಹಿಡಿದು ಎಳೆದರೆ ಹೇಗಿರುತ್ತದೋ ಹಾಗೆ. ಇಂಥ ಅಲಗಿಗೆ ರಿಕರ್ವ್ ಎಂದು ಹೆಸರು.

ಈ ಚಾಕು ಕೊಂಡವರಲ್ಲಿ ತುಂಬಾ ಜನ ಒಂದು ವರ್ಷದೊಳಗೆ ಇದನ್ನು ಡ್ರಾಯರಿಗೆ ಹಾಕುತ್ತಾರೆ. ಕಾರಣ ಒಂದೇ: ಮೊಂಡಾದ ಮೇಲೆ ಮಸೆಯಲು ಬರುವುದಿಲ್ಲ. ಮನೆಯ ಚಪ್ಪಟೆ ಕಲ್ಲಿನ ಮೇಲೆ ಎಳೆದರೆ ಒಳಬಾಗಿನ ಜಾಗಕ್ಕೆ ಕಲ್ಲು ತಾಗುವುದೇ ಇಲ್ಲ. ಆದರೆ ಸರಿಯಾದ ಸಾಮಾನು ಇದ್ದರೆ ಇದು ಹತ್ತು ನಿಮಿಷದ ಕೆಲಸ. ಆ ಸಾಮಾನಿಗೆ ಜಾಸ್ತಿ ದುಡ್ಡೂ ಬೇಡ. ಒಂದು ಮಾತು ನೆನಪಿಟ್ಟರೆ ಸಾಕು. ಈ ಚಾಕಿನ ಜೀವ ಇರುವುದು ಆ ಒಳಬಾಗಿನಲ್ಲಿ. ನೀವು ಮಾಡುವ ಪ್ರತಿ ಕೆಲಸವೂ ಅದನ್ನು ಉಳಿಸಬೇಕು.

ಒಳಬಾಗು ಏನು ಮಾಡುತ್ತದೆ

ನೇರ ಬಾಯಿಯ ಚಾಕಿನಿಂದ ಒದ್ದೆ ಹಗ್ಗ ಕತ್ತರಿಸಿ ನೋಡಿ. ಹಗ್ಗ ಮೊನೆಯ ಕಡೆಗೆ ಜಾರುತ್ತಾ ಹೋಗುತ್ತದೆ. ಒಳಬಾಗು ಇದ್ದರೆ ಹಗ್ಗ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಎಳೆದಷ್ಟೂ ಬಾಯಿಗೆ ಒತ್ತಿಕೊಳ್ಳುತ್ತದೆ. ಕುಡುಗೋಲು ಹುಲ್ಲನ್ನು ಹಿಡಿದುಕೊಳ್ಳುವುದೂ ಹೀಗೇ ಅಲ್ವಾ. ಇನ್ನು ಮುಂದಿನ ಹೊಟ್ಟೆ ಇರುವುದು ಸೀಳುವ, ಸುಲಿಯುವ ಕೆಲಸಕ್ಕೆ. ಎರಡು ಅಂಗುಲದ ಅಲಗಾದರೂ ಬಾಯಿ ಬಾಗಿರುವುದರಿಂದ ಕತ್ತರಿಸುವ ಉದ್ದ ಸ್ವಲ್ಪ ಜಾಸ್ತಿಯೇ ಸಿಗುತ್ತದೆ.

ಈ ಆಕಾರ ಹೊಸದಲ್ಲ. ನೇಪಾಳದ ಖುಕುರಿಯ ಬಾಯಿಯೂ ಹಿಡಿಯ ಹತ್ತಿರ ಒಳಕ್ಕೆ ಹೋಗಿ ಮುಂದೆ ಹೊರಕ್ಕೆ ಬರುತ್ತದೆ. ನಮ್ಮ ಕೊಡವರ ಒಡಿಕತ್ತಿ ಮುಂದಕ್ಕೆ ಬಾಗಿದ ಅಗಲದ ಅಲಗು. ಅದನ್ನು ಬೆನ್ನ ಹಿಂದೆ, ತೋಡಂಗ್ ಎಂಬ ಲೋಹದ ಕೊಕ್ಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಖುಕುರಿಯ ಒರೆಯಲ್ಲಿ ಇನ್ನೂ ಎರಡು ಸಣ್ಣ ಅಲಗು ಇರುತ್ತವೆ. ಕರ್ದ ಸಣ್ಣಪುಟ್ಟ ಕೆಲಸಕ್ಕೆ. ಚಕ್‌ಮಕ್ ಎಂಬುದಕ್ಕೆ ಬಾಯಿಯೇ ಇಲ್ಲ. ಬೆಣಚುಕಲ್ಲಿಗೆ ಹೊಡೆದು ಬೆಂಕಿ ಮಾಡಲು, ದೊಡ್ಡ ಅಲಗಿನ ಬಾಯಿಯನ್ನು ಉಜ್ಜಿ ನೇರ ಮಾಡಲು ಅದು ಬೇಕು. ಬಾಗಿದ ಅಲಗಿಗೆ ಚಪ್ಪಟೆ ಕಲ್ಲು ಆಗುವುದಿಲ್ಲ, ತೆಳ್ಳನೆಯ ಗಟ್ಟಿ ಸರಳು ಬೇಕು ಅನ್ನುವುದು ಅದನ್ನು ಮಾಡಿದ ಕಮ್ಮಾರರಿಗೆ ಗೊತ್ತಿತ್ತು. ಈ ಲೇಖನದ ಅರ್ಧ ವಿಷಯ ಅದೇ.

ಕೊಳ್ಳುವ ಮುಂಚೆ

ಬಾಗು ಎಷ್ಟು ಆಳ ಇದೆ ನೋಡಿ. ಬಾಯಿಯ ಬುಡದಿಂದ ಹೊಟ್ಟೆಯವರೆಗೆ ಒಂದು ಸ್ಕೇಲ್ ಇಟ್ಟರೆ ನಡುವೆ ಬೆಳಕು ಕಾಣುತ್ತದೆ. ಆ ಸಂದು ಒಂದೆರಡು ಮಿಲಿಮೀಟರ್ ಇದ್ದರೆ ಸುಲಭವಾಗಿ ಮಸೆಯಬಹುದು. ಕೊಕ್ಕೆಯ ಹಾಗೆ ಆಳವಾಗಿದ್ದರೆ ಮೊದಲ ಚಾಕಿಗೆ ಅದು ಬೇಡ.

ಬಾಯಿ ಶುರುವಾಗುವ ಕಡೆ, ಹಿಡಿಯ ಪಕ್ಕದಲ್ಲಿ, ಒಂದು ಸಣ್ಣ ಕಚ್ಚು ಇರುವ ಚಾಕುಗಳಿವೆ. ಅದು ಅಲಂಕಾರಕ್ಕೆ ಅಲ್ಲ. ಬಾಯಿಯ ಬುಡದವರೆಗೂ ಕಲ್ಲು ತಾಗಲಿ ಎಂದು ಮಾಡಿದ್ದು. ಕಚ್ಚು ಇಲ್ಲದಿದ್ದರೆ ಬುಡದ ಎರಡು ಮೂರು ಮಿಲಿಮೀಟರ್ ಮೊಂಡಾಗಿಯೇ ಉಳಿಯುತ್ತದೆ, ವರ್ಷ ಕಳೆದ ಹಾಗೆ ಅಲ್ಲಿ ಒಂದು ಗಂಟು ಎದ್ದು ನಿಲ್ಲುತ್ತದೆ. ಒಳಬಾಗಿನ ಚಾಕಿನಲ್ಲಿ ಆ ಗಂಟು ಹಗ್ಗವನ್ನೇ ತಡೆಯುತ್ತದೆ. ನಾನಂತೂ ಕಚ್ಚು ಇರುವುದನ್ನೇ ಆರಿಸುತ್ತೇನೆ.

ಉಕ್ಕಿನ ಬಗ್ಗೆ ಸ್ವಲ್ಪ ತಿಳಿದಿರಬೇಕು. 8ಸಿಆರ್13ಎಂಒವಿ, ಎಯುಎಸ್-8, 14ಸಿ28ಎನ್ ಎಂದು ಬರೆದಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಇವು ಬೇಗ ಹರಿತವಾಗುತ್ತವೆ, ತುಕ್ಕೂ ಕಡಿಮೆ. ಡಿ2 ಹರಿತವನ್ನು ತುಂಬಾ ದಿನ ಉಳಿಸಿಕೊಳ್ಳುತ್ತದೆ. ಆದರೆ ಅದರಲ್ಲಿ ಕ್ರೋಮಿಯಂ ಸುಮಾರು 12% ಮಾತ್ರ, ಅದರಲ್ಲೂ ಸುಮಾರು ಪಾಲು ಇಂಗಾಲದ ಜೊತೆ ಸೇರಿಕೊಂಡು ಬಿಡುತ್ತದೆ. ಹಾಗಾಗಿ ಮಲೆನಾಡಿನ ಮಳೆಗಾಲದಲ್ಲಿ ಒರೆಸದೆ ಇಟ್ಟರೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ. ಎಸ್30ವಿ ದುಬಾರಿ. ಅದರಲ್ಲಿ ಸುಮಾರು 4% ವನೇಡಿಯಂ ಇದೆ. ವನೇಡಿಯಂ ಇಂಗಾಲದ ಜೊತೆ ಸೇರಿ ಆಗುವ ಕಣಗಳು ಸಾಮಾನ್ಯ ಮಸೆಗಲ್ಲಿನ ಪುಡಿಗಿಂತ ಗಟ್ಟಿ. ಅಂಥ ಉಕ್ಕಿಗೆ ವಜ್ರದ ಪುಡಿ ಲೇಪಿಸಿದ ಸರಳು ಬೇಕಾಗುತ್ತದೆ. ಮನೆಯಲ್ಲೇ ಮಸೆಯುವವರಿಗೆ, ಅದರಲ್ಲೂ ಬಾಗಿದ ಬಾಯಿಗೆ, ಸಾಧಾರಣ ಉಕ್ಕೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಬೀಗ. ಅಲಗು ತೆರೆದಾಗ ಒಳಗಿನ ಒಂದು ಪಟ್ಟಿ ಬಂದು ಬುಡಕ್ಕೆ ಒತ್ತಿ ನಿಲ್ಲುತ್ತದೆ. ಒಳಬಾಗಿನಲ್ಲಿ ಹಗ್ಗ ಸಿಕ್ಕಿಸಿ ಜೋರಾಗಿ ಎಳೆಯುವ ಕೆಲಸ ಇರುವುದರಿಂದ ಬೀಗ ಗಟ್ಟಿಯಾಗಿರಲಿ. ಚಾಕು ತೆರೆದು, ಬೆರಳು ದಾರಿಯಿಂದ ಆಚೆ ಇಟ್ಟು, ಅಲಗಿನ ಬೆನ್ನನ್ನು ಮರದ ತುಂಡಿಗೆ ಮೆಲ್ಲಗೆ ಎರಡು ಸಲ ತಟ್ಟಿ. ಬೀಗ ಜಾರಿದರೆ ಆ ಚಾಕು ಬೇಡ.

ಜೇಬಿನಲ್ಲಿ ಇಡುವುದು

ಈಗಿನ ಜೇಬುಚಾಕುಗಳಲ್ಲಿ ಕಾಣುವ ಕ್ಲಿಪ್ಪು ಮತ್ತು ಹೆಬ್ಬೆರಳಿಗೆ ಸಿಗುವ ದುಂಡು ತೂತು 1981ರಲ್ಲಿ ಅಮೆರಿಕದ ಸ್ಪೈಡರ್ಕೋ ಕಂಪನಿಯ ವರ್ಕರ್ ಎಂಬ ಚಾಕಿನಿಂದ ಹಬ್ಬಿದವು. ಕ್ಲಿಪ್ಪಿನ ಲಾಭ ಏನೆಂದರೆ ಚಾಕು ಜೇಬಿನ ತಳಕ್ಕೆ ಬೀಳುವುದಿಲ್ಲ, ಚಿಲ್ಲರೆ, ಬೀಗದ ಕೈಗಳ ಜೊತೆ ಉಜ್ಜುವುದಿಲ್ಲ. ಮಡಚಿದಾಗ ಮೊನೆ ಮೇಲಕ್ಕೆ ಬರುವ ಹಾಗೆ ಕ್ಲಿಪ್ಪು ಇದ್ದರೆ ಒಂದು ಎಚ್ಚರ ಬೇಕು. ಚಾಕು ಜೇಬಿನ ಹಿಂದಿನ ಹೊಲಿಗೆಗೆ ಒತ್ತಿಕೊಂಡು ನಿಲ್ಲಲಿ, ಅಲಗಿನ ಬೆನ್ನು ಆ ಹೊಲಿಗೆಯ ಕಡೆಗಿರಲಿ. ಆಗ ಅಕಸ್ಮಾತ್ ಸಡಿಲವಾದರೂ ಅಲಗು ತೆರೆದುಕೊಳ್ಳಲು ಜಾಗ ಇರುವುದಿಲ್ಲ.

ತೋಟದಲ್ಲಿ ಲುಂಗಿ ಉಟ್ಟು ಕೆಲಸ ಮಾಡುವವರಿಗೆ ಜೇಬೇ ಇಲ್ಲ. ಅಂಗಿಯ ಜೇಬಿಗೆ ಮಾತ್ರ ಹಾಕಬೇಡಿ. ಬಗ್ಗಿದ ಕೂಡಲೇ ಬೀಳುತ್ತದೆ, ಹಾಳೆ, ಸೊಪ್ಪಿನ ನಡುವೆ ಬಿದ್ದ ಚಾಕು ಮತ್ತೆ ಸಿಗುವುದು ಮುಂದಿನ ವರ್ಷ ಬುಡ ಬಿಡಿಸುವಾಗ. ಬೆಲ್ಟಿಗೆ ಹಾಕುವ ಮುಚ್ಚಳದ ಸಣ್ಣ ಚೀಲ ತೆಗೆದುಕೊಳ್ಳಿ. ಚರ್ಮದ ಚೀಲ ಮಳೆಗಾಲದಲ್ಲಿ ತೇವ ಹಿಡಿದುಕೊಂಡು ಅಲಗಿಗೆ ತುಕ್ಕು ತರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಬಟ್ಟೆಯ ಚೀಲವನ್ನೇ ಉಪಯೋಗಿಸುತ್ತೇನೆ.

ಕಾನೂನಿನ ವಿಷಯ ತಿಳಿದಿರಲೇಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ ನಿಯಮಗಳಲ್ಲಿ ಚಾಕು ಆಯುಧದ ಪಟ್ಟಿಗೆ ಬರುವುದು ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದಾಗ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದವನ್ನು ಅಲ್ಲಿ ಬಿಟ್ಟಿದ್ದಾರೆ. ನಮ್ಮ ಎರಡು ಮೂರು ಅಂಗುಲದ ಚಾಕು ಆ ಅಳತೆಗೆ ಎಷ್ಟೋ ದೂರ. ಆದರೆ ಇಷ್ಟಕ್ಕೇ ಎಲ್ಲಾ ಮುಗಿಯಲಿಲ್ಲ. ದೆಹಲಿಯಲ್ಲಿ 1980ರ ಅಧಿಸೂಚನೆ ಒಂದಿದೆ. ಗುಂಡಿ ಒತ್ತಿದರೆ ಅಥವಾ ಸ್ಪ್ರಿಂಗಿನಿಂದ ತೆರೆಯುವ ಚಾಕಿನ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ಅಲ್ಲಿ ಕೇಸು ಬೀಳುತ್ತದೆ. ಹಾಗಾಗಿ ಗುಂಡಿ ಚಾಕು ಬೇಡವೇ ಬೇಡ, ಕೈಯಿಂದ ತೆರೆಯುವುದನ್ನೇ ಕೊಳ್ಳಿ. ಚುನಾವಣೆ, ಗಲಾಟೆಯ ಹೊತ್ತಿನಲ್ಲಿ ನಿಷೇಧಾಜ್ಞೆ ಹಾಕಿದ್ದರೆ ಚಾಕು ಮನೆಯಲ್ಲೇ ಇರಲಿ. ಕೋರ್ಟು, ಮಾಲು, ಮೆಟ್ರೋ ತಪಾಸಣೆ ಇರುವ ಕಡೆ ಹೋಗುವ ದಿನವೂ ಅಷ್ಟೇ. ವಿಮಾನದಲ್ಲಿ ಕೈಚೀಲದಲ್ಲಿ ಇಡುವ ಹಾಗಿಲ್ಲ, ತಪಾಸಣೆಯಲ್ಲಿ ತೆಗೆದಿಟ್ಟರೆ ವಾಪಸ್ ಬರುವುದಿಲ್ಲ. ಚೆಕ್ ಇನ್ ಮಾಡುವ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ಇಡಿ. ಬ್ರಿಟನ್ನಿನಲ್ಲಿ ಇರುವ ನಮ್ಮವರಿಗೆ ಒಂದು ಮಾತು: ಅಲ್ಲಿ ಕಾರಣ ಹೇಳದೆ ಜೇಬಿನಲ್ಲಿ ಇಡಬಹುದಾದ್ದು ಬೀಗ ಇಲ್ಲದ, 3 ಅಂಗುಲಕ್ಕಿಂತ ಉದ್ದ ಇಲ್ಲದ ಬಾಯಿಯ ಮಡಚುವ ಚಾಕು ಮಾತ್ರ. ಮೇಲೆ ಹೇಳಿದ ಬೀಗದ ಚಾಕು ಅಲ್ಲಿ ತೊಂದರೆ ತರುತ್ತದೆ.

ಊರಲ್ಲೂ ಒಂದು ರೀತಿ ನೀತಿ ಇದೆ. ಜನರ ನಡುವೆ ಚಾಕನ್ನು ಠಳಕ್ ಎಂದು ಬಿಚ್ಚಬೇಡಿ. ಮೆಲ್ಲಗೆ ಎರಡು ಕೈಯಲ್ಲಿ ತೆರೆದು, ಕೆಲಸ ಮುಗಿದ ಕೂಡಲೇ ಮಡಚಿ. ಯಾರಿಗಾದರೂ ಕೊಡುವಾಗ ಮಡಚಿಯೇ ಕೊಡಿ.

ಮಸೆಯುವ ಮೊದಲು: ಏನು ಮಾಡಬಾರದು

ನನ್ನ ಮೊದಲ ಒಳಬಾಗಿನ ಚಾಕು ಹಾಳಾಗಿದ್ದು ಪೇಟೆಯ ಚಕ್ರದ ಸಾಣೆಯಲ್ಲಿ. ಕಿಡಿ ಹಾರಿಸುತ್ತಾ ಅರ್ಧ ನಿಮಿಷದಲ್ಲಿ ಮುಗಿಸಿ ಕೊಟ್ಟರು. ಮನೆಗೆ ಬಂದು ನೋಡಿದರೆ ಮೊನೆಯ ಹತ್ತಿರ ನೀಲಿ ಬಣ್ಣ. ಉಕ್ಕು ಸುಮಾರು 300 ಡಿಗ್ರಿಗೆ ಕಾದಾಗ ಆ ಬಣ್ಣ ಬರುತ್ತದೆ. ಅಷ್ಟು ಕಾದರೆ ಹದ ಇಳಿದು ಉಕ್ಕು ಮೆತ್ತಗಾಗುತ್ತದೆ. ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲಲಿಲ್ಲ. ಒಳಬಾಗಂತೂ ಚಕ್ರದ ಅಂಚು ತಾಗಿ ಗುಳಿ ಬಿದ್ದಿತ್ತು. ತುಂಬಾ ಬೇಜಾರಾಯಿತು. ಸಾಣೆಯವರದು ಕತ್ತಿ, ಕತ್ತರಿಗೆ ಒಳ್ಳೆಯ ಕೈ. ಆದರೆ ಸಣ್ಣ ತೆಳು ಅಲಗು ಒಣ ಚಕ್ರದ ಬಿಸಿಯನ್ನು ತಡೆಯುವುದಿಲ್ಲ.

ಎರಡನೆಯದು, ಅಡುಗೆಮನೆಯ ಎಳೆಯುವ ಶಾರ್ಪನರ್. ವಿ ಆಕಾರದ ಸಂದಿನಲ್ಲಿ ಅಲಗು ಹಾಕಿ ಎಳೆಯುವ ಸಾಧನ. ಅದು ಬಾಗಿನಲ್ಲಿ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಕೆರೆಯುತ್ತದೆ.

ಮೂರನೆಯದೇ ದೊಡ್ಡ ತಪ್ಪು, ಯಾಕೆಂದರೆ ಅದು ತಪ್ಪು ಎಂದು ಗೊತ್ತಾಗುವುದೇ ಇಲ್ಲ. ಅಗಲವಾದ ಚಪ್ಪಟೆ ಕಲ್ಲಿನ ಮೇಲೆ ಮಸೆಯುವುದು. ಕಲ್ಲು ಬಾಯಿಯ ಬುಡಕ್ಕೆ ಮತ್ತು ಹೊಟ್ಟೆಗೆ ತಾಗುತ್ತದೆ, ನಡುವಿನ ಒಳಬಾಗಿಗೆ ತಾಗುವುದಿಲ್ಲ. ಬುಡ, ಹೊಟ್ಟೆ ಸವೆಯುತ್ತಾ ಸವೆಯುತ್ತಾ ಎರಡು ಮೂರು ವರ್ಷದಲ್ಲಿ ಚಾಕು ನೇರವಾಗಿಬಿಡುತ್ತದೆ. ನೀವು ದುಡ್ಡು ಕೊಟ್ಟು ತಂದ ಆಕಾರ ಕಲ್ಲಿನ ಪುಡಿಯ ಜೊತೆ ತೊಳೆದುಹೋಗಿರುತ್ತದೆ.

ಅಪ್ಪಯ್ಯ ಕುಡುಗೋಲು ಮಸೆಯುವುದನ್ನು ನೋಡಿ ನನಗೆ ದಾರಿ ಸಿಕ್ಕಿತು. ಅವರು ಕುಡುಗೋಲನ್ನು ಕಾಲಿನ ಹತ್ತಿರ ಗಟ್ಟಿಯಾಗಿ ಹಿಡಿದು, ಬೆರಳುದ್ದದ ಕಲ್ಲಿನ ತುಂಡನ್ನು ಒಳಬಾಗಿನ ಉದ್ದಕ್ಕೂ ಆಡಿಸುತ್ತಿದ್ದರು. ನನ್ನ ಚಾಕು ತೋರಿಸಿದಾಗ, "ಅದನ್ನ ಯಾಕೆ ಕಲ್ಲಿನ ಮೇಲೆ ಆಡಿಸ್ತೀಯ ಮಾರಾಯ, ಕಲ್ಲನ್ನ ಆಡಿಸು" ಎಂದರು.

ಸಾಮಾನು

ಸುಲಭದ್ದು, ಖರ್ಚಿಲ್ಲದ್ದು ಮೊದಲು. ಹೆಬ್ಬೆರಳಿನ ದಪ್ಪದ ಒಂದು ದುಂಡನೆಯ ಕೋಲು ತೆಗೆದುಕೊಳ್ಳಿ, ಒಂದಡಿ ಉದ್ದ. ನೇರ ಇರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟರುಗಳು ಕೊಳ್ಳುವ ವಾಟರ್ ಪೇಪರ್, ಅಂದರೆ ಉಜ್ಜುವ ಒರಟು ಕಾಗದ, ಸಿಗುತ್ತದೆ. 400, 1000, 2000 ನಂಬರಿನ ಒಂದೊಂದು ಹಾಳೆ ತನ್ನಿ, ನಂಬರು ಹೆಚ್ಚಿದಷ್ಟೂ ಪೇಪರ್ ನಯ. ಕೋಲಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ ಎರಡು ತುದಿಗೆ ಟೇಪ್ ಹಾಕಿ. ಇಷ್ಟೇ. ದುಂಡು ಕೋಲು ಹೆಚ್ಚಿನ ಬಾಗುಗಳಿಗೆ ಹೊಂದಿಕೊಳ್ಳುತ್ತದೆ.

ಹಳೆಯ ಮಸೆಗಲ್ಲು ಮನೆಯಲ್ಲಿದ್ದರೆ ಅದರ ಉದ್ದನೆಯ ಒಂದು ಅಂಚನ್ನು ಸಿಮೆಂಟಿನ ಒದ್ದೆ ಕಟ್ಟೆಯ ಮೇಲೆ ಉಜ್ಜಿ ದುಂಡು ಮಾಡಿ. ಆ ಅಂಚು ಒಳಬಾಗಿಗೆ, ಚಪ್ಪಟೆ ಮುಖ ಹೊಟ್ಟೆಗೆ. ಒಂದೇ ಕಲ್ಲಿನಲ್ಲಿ ಎರಡೂ ಆಗುತ್ತದೆ.

ದುಡ್ಡು ಹಾಕುವವರಿಗೆ ಸ್ಪೈಡರ್ಕೋದವರದೇ ಶಾರ್ಪ್‌ಮೇಕರ್ ಇದೆ. ಪ್ಲಾಸ್ಟಿಕ್ಕಿನ ಪೀಠದಲ್ಲಿ ಮೂರು ಮೂಲೆಯ ಸೆರಾಮಿಕ್ ಸರಳುಗಳನ್ನು ಓರೆಯಾಗಿ ನಿಲ್ಲಿಸುವುದು. ಎರಡು ಕಂದು ಸರಳು ಸ್ವಲ್ಪ ಒರಟು, ಎರಡು ಬಿಳಿ ಸರಳು ನಯ. ಒಟ್ಟು 30 ಡಿಗ್ರಿ, 40 ಡಿಗ್ರಿ ಎರಡು ಕೋನಕ್ಕೆ ತೂತುಗಳಿವೆ. ಚಾಕನ್ನು ನೇರ ನಿಲ್ಲಿಸಿ ಕೆಳಕ್ಕೆ ಎಳೆದರೆ ಸಾಕು, ಕೋನ ತಾನೇ ಸರಿ ಇರುತ್ತದೆ. ಸರಳಿನ ಮೂಲೆ ಒಳಬಾಗಿನೊಳಗೆ ಚೆನ್ನಾಗಿ ಇಳಿಯುತ್ತದೆ. ಈ ಆಕಾರದ ಚಾಕಿಗೆ ಇದಕ್ಕಿಂತ ಅನುಕೂಲದ್ದು ನಾನು ಕಂಡಿಲ್ಲ.

ಏನೂ ಇಲ್ಲದ ದಿನ ಒಂದು ಪಿಂಗಾಣಿ ಕಾಫಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತದೆ. ಅದು ನಯವಾದ ಸಾಣೆಯ ಹಾಗೇ ಕೆಲಸ ಮಾಡುತ್ತದೆ, ದುಂಡಗಿರುವುದರಿಂದ ಒಳಬಾಗಿಗೂ ತಾಗುತ್ತದೆ.

ಇದರ ಜೊತೆ ಒಂದು ಮಾರ್ಕರ್ ಪೆನ್ನು, ಒಂದು ಹಳೆಯ ಚರ್ಮದ ಬೆಲ್ಟು, ಒಂದು ಒದ್ದೆ ಬಟ್ಟೆ. ಚೆನ್ನಾಗಿ ಬೆಳಕು ಇರುವ ಜಾಗ ನೋಡಿಕೊಳ್ಳಿ.

ಹಂತ ಹಂತವಾಗಿ

ಕೋಲು ಮತ್ತು ವಾಟರ್ ಪೇಪರಿನ ರೀತಿಯನ್ನೇ ಹೇಳುತ್ತೇನೆ. ಇದು ಕೈಗೆ ಬಂದರೆ ಉಳಿದವು ಸುಲಭ.

1. ಚಾಕನ್ನು ಸೋಪುನೀರಿನಲ್ಲಿ ತೊಳೆದು ಒರೆಸಿ. ಅಂಟು, ಎಣ್ಣೆ ಇದ್ದರೆ ಪೇಪರ್ ಬೇಗ ತುಂಬಿಕೊಳ್ಳುತ್ತದೆ. ಬೀಗ ಸರಿಯಾಗಿ ಕೂತಿದೆಯೇ ನೋಡಿ.

2. ಬಾಯಿಯ ಎರಡೂ ಪಕ್ಕ, ಹೊಳೆಯುವ ತೆಳು ಪಟ್ಟಿ ಇರುತ್ತದಲ್ಲ, ಅದಕ್ಕೆ ಮಾರ್ಕರ್ ಬಳಿಯಿರಿ. ಬುಡದಿಂದ ಮೊನೆಯವರೆಗೆ, ಒಂದಿಷ್ಟೂ ಬಿಡದೆ. ಈ ಹಂತವನ್ನು ತಪ್ಪಿಸಬೇಡಿ. ಕಣ್ಣಿಗೆ ಕಾಣದ ಕೆಲಸವನ್ನು ಈ ಶಾಯಿ ತೋರಿಸುತ್ತದೆ.

3. ಕೋಲನ್ನು ಮೇಜಿನ ಮೇಲೆ ನಿಮ್ಮಿಂದ ಆಚೆಗೆ ಉದ್ದಕ್ಕೆ ಇಟ್ಟು, ಹತ್ತಿರದ ತುದಿಯನ್ನು ಎಡಗೈಯಲ್ಲಿ ಒತ್ತಿ ಹಿಡಿಯಿರಿ. ಕೆಳಗೆ ಒದ್ದೆ ಬಟ್ಟೆ ಹಾಕಿದರೆ ಉರುಳುವುದಿಲ್ಲ. ಮೊದಲು 400 ನಂಬರ್, ಚಾಕು ನಿಜವಾಗಿ ಮೊಂಡಾಗಿದ್ದರೆ ಮಾತ್ರ. ಸ್ವಲ್ಪ ಮಂಕಾಗಿದ್ದರೆ 1000ದಿಂದ ಶುರು ಮಾಡಿ.

4. ಕೋನ. ಕಾಗದದ ಮೂಲೆ 90 ಡಿಗ್ರಿ. ಅದನ್ನು ಅರ್ಧಕ್ಕೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಅದಕ್ಕಿಂತ ಒಂಚೂರು ಕಡಿಮೆ ಎತ್ತರಕ್ಕೆ ಅಲಗಿನ ಬೆನ್ನನ್ನು ಎತ್ತಿ ಹಿಡಿದರೆ 20 ಡಿಗ್ರಿ. ಜೇಬುಚಾಕಿಗೆ ಒಂದೊಂದು ಕಡೆ 20 ಡಿಗ್ರಿ ಒಳ್ಳೆಯ ಅಳತೆ. ಬಾಯಿ ಗಟ್ಟಿಯಾಗಿರುತ್ತದೆ, ಚೂರು ಏಳುವುದಿಲ್ಲ.

5. ಅಲಗನ್ನು ಕೋಲಿಗೆ ಅಡ್ಡ ಇಡಿ, ಬಾಯಿಯ ಬುಡ ಕೋಲಿನ ಮೇಲೆ ಬರಲಿ. ಈಗ ಬೆನ್ನು ಮುಂದೆ, ಬಾಯಿ ಹಿಂದೆ ಇರುವ ಹಾಗೆ ಎಳೆಯಿರಿ. ಬಾಯಿ ಮುಂದೆ ಮಾಡಿ ತಳ್ಳಿದರೆ ಪೇಪರ್ ಹರಿಯುತ್ತದೆ. ಎಳೆಯುತ್ತಾ ಎಳೆಯುತ್ತಾ ಅಲಗನ್ನು ಪಕ್ಕಕ್ಕೂ ಸರಿಸಿ, ಬುಡದಿಂದ ಒಳಬಾಗಿಗೆ, ಅಲ್ಲಿಂದ ಹೊಟ್ಟೆಗೆ, ಕೊನೆಗೆ ಮೊನೆಗೆ. ಒಂದೇ ಎಳೆತದಲ್ಲಿ ಪೂರ್ತಿ ಬಾಯಿ ಕೋಲಿನ ಮೇಲೆ ಹಾದುಹೋಗಬೇಕು.

ಇಲ್ಲಿ ಸ್ವಲ್ಪ ನಿಧಾನಿಸಿ. ಒಳಬಾಗಿನಲ್ಲಿ ಮಣಿಕಟ್ಟು ಒಂದು ಕಡೆ ತಿರುಗಬೇಕು, ಹೊಟ್ಟೆಗೆ ಬಂದಾಗ ಇನ್ನೊಂದು ಕಡೆ. ಬಾಯಿಯ ಯಾವ ಜಾಗ ತಾಗುತ್ತಿದೆಯೋ ಆ ಜಾಗ ಕೋಲಿಗೆ ಅಡ್ಡವಾಗಿಯೇ ಇರಬೇಕು, ಅದೇ ಲೆಕ್ಕ. ಮೊನೆಯ ಹತ್ತಿರ ಬಂದಾಗ ಹಿಡಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ. ಮೊನೆ ಕೋಲಿನ ಮೇಲೇ ಇರುವಾಗ ನಿಲ್ಲಿಸಿ. ಮೊನೆ ಕೋಲಿನಿಂದ ಜಾರಿ ಹೊರಗೆ ಹೋದರೆ ದುಂಡಾಗುತ್ತದೆ. ಮೊದಲ ಹತ್ತು ಎಳೆತ ಅಂಕುಡೊಂಕು ಬರುತ್ತದೆ. ಇಪ್ಪತ್ತಾಗುವಷ್ಟರಲ್ಲಿ ಕೈಗೆ ಹದ ಗೊತ್ತಾಗುತ್ತದೆ.

ಭಾರ ಹಾಕಬೇಡಿ. ಚಾಕಿನ ತೂಕ, ಅದರ ಮೇಲೆ ಒಂದು ಬೆರಳಿನ ಒತ್ತು, ಅಷ್ಟು ಸಾಕು. ಕೋಲು ಕಿರಿದಾಗಿರುವುದರಿಂದ ಒತ್ತಿದರೆ ಒಂದೇ ಜಾಗದಲ್ಲಿ ಗುಳಿ ಬೀಳುತ್ತದೆ. ಒಂದೇ ಕಡೆ ಹಿಂದೆ ಮುಂದೆ ಉಜ್ಜುವುದೂ ಬೇಡ, ಅದೇ ಕಾರಣಕ್ಕೆ.

6. ಹತ್ತು ಎಳೆತ ಆದ ಮೇಲೆ ಶಾಯಿ ನೋಡಿ. ಪಟ್ಟಿಯ ಮೇಲಿನ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಬೆನ್ನು ತೀರಾ ತಗ್ಗಿದೆ, ಸ್ವಲ್ಪ ಎತ್ತಿ. ಬಾಯಿಯ ತುದಿಯಲ್ಲಿ ಮಾತ್ರ ಹೋಗಿದ್ದರೆ ಬೆನ್ನು ಜಾಸ್ತಿ ಎತ್ತಿದೆ. ಒಳಬಾಗಿನಲ್ಲಿ ಶಾಯಿ ಹಾಗೇ ಉಳಿದಿದ್ದರೆ ಕೋಲು ಅಲ್ಲಿಗೆ ಇಳಿಯುತ್ತಿಲ್ಲ. ಇನ್ನೂ ತೆಳುವಾದ ಕೋಲು ಬೇಕು. ಮತ್ತೆ ಶಾಯಿ ಬಳಿದು ಮುಂದುವರಿಸಿ.

7. ಒಂದು ಪಕ್ಕವನ್ನೇ ಮಸೆಯುತ್ತಾ ಹೋಗಿ, ಇನ್ನೊಂದು ಪಕ್ಕದಲ್ಲಿ ಬರ್ ಏಳುವವರೆಗೆ. ಬರ್ ಎಂದರೆ ತುದಿಯ ಉಕ್ಕು ತೆಳುವಾಗಿ ಆಚೆ ಬದಿಗೆ ಮಡಚಿಕೊಂಡು ನಿಲ್ಲುವ ಕೂದಲಿನಂಥ ಎಳೆ. ಕಣ್ಣಿಗೆ ಕಾಣುವುದು ಕಷ್ಟ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿದರೆ ಕೊನೆಯಲ್ಲಿ ತರಿತರಿಯಾಗಿ ಸಿಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಲೇಬೇಡಿ. ಬರ್ ಬುಡದಿಂದ ಮೊನೆಯವರೆಗೆ ಎಲ್ಲೂ ಬಿಡದೆ ಬಂದಿರಬೇಕು. ಒಳಬಾಗಿನ ನಡುವೆಯೇ ಅದು ಕೊನೆಗೆ ಬರುವುದು. ತಾಳ್ಮೆ ಇರಲಿ.

8. ಚಾಕು ಮಗುಚಿ ಇನ್ನೊಂದು ಪಕ್ಕಕ್ಕೂ ಅಷ್ಟೇ ಮಾಡಿ. ಮೊದಲ ಪಕ್ಕಕ್ಕೆ ಮೂವತ್ತು ಎಳೆತ ಆಗಿದ್ದರೆ ಇದಕ್ಕೂ ಹೆಚ್ಚು ಕಡಿಮೆ ಮೂವತ್ತು.

9. 1000 ನಂಬರಿಗೆ ಬನ್ನಿ, ಒಂದೊಂದು ಪಕ್ಕ ಹದಿನೈದು. ಆಮೇಲೆ 2000ದಲ್ಲಿ ಒಂದು ಎಳೆತ ಈ ಪಕ್ಕ, ಒಂದು ಆ ಪಕ್ಕ, ಹೀಗೆ ಇಪ್ಪತ್ತು. ಒತ್ತು ಕಡಿಮೆ ಮಾಡುತ್ತಾ ಹೋಗಿ. ಕೊನೆಯ ಐದಾರು ಎಳೆತಗಳಲ್ಲಿ ಚಾಕು ಸುಮ್ನೆ ಸವರಿದ ಹಾಗಿರಬೇಕು. ಬರ್ ಹೋಗುವುದು ಇಲ್ಲೇ.

10. ಬೆಲ್ಟಿನ ಒಳಮೈ, ಒರಟಾಗಿರುವ ಬದಿ, ಮೇಲೆ ಮಾಡಿ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಇನ್ನೊಂದನ್ನು ಎಳೆದು ಹಿಡಿಯಿರಿ. ಒಂದೊಂದು ಪಕ್ಕ ಹತ್ತು ಸಲ, ಬೆನ್ನು ಮುಂದೆ ಮಾಡಿ. ಹಳೆಯ ಕ್ಷೌರದಂಗಡಿಗಳಲ್ಲಿ ಕತ್ತಿಯನ್ನು ಪಟ್ಟಿಗೆ ಸವರುತ್ತಿದ್ದುದು ನೆನಪಿದೆಯಾ, ಹಾಗೆ. ಅಗಲದ ಬೆಲ್ಟು ಬಿಗಿಯಾಗಿದ್ದರೆ ಒಳಬಾಗಿಗೆ ತಾಗುವುದಿಲ್ಲ. ಅದಕ್ಕೆ ಬೆಲ್ಟಿನ ಅಂಚನ್ನು ಉಪಯೋಗಿಸಿ, ಇಲ್ಲವೇ ಅದೇ ದುಂಡು ಕೋಲಿಗೆ ಚರ್ಮದ ತುಂಡು ಸುತ್ತಿ.

ಶಾರ್ಪ್‌ಮೇಕರ್ ಇದ್ದರೆ ದಿಕ್ಕು ಉಲ್ಟಾ. ಅಲ್ಲಿ ಬಾಯಿ ಮುಂದೆ ಮಾಡಿಯೇ ಕೆಳಕ್ಕೆ ಎಳೆಯುವುದು, ಬುಡದಿಂದ ಮೊನೆಗೆ. ಸೆರಾಮಿಕ್ ಹರಿಯುವ ಭಯ ಇಲ್ಲ. ಮೊದಲು ಕಂದು ಸರಳಿನ ಮೂಲೆ, ನಂತರ ಬಿಳಿ ಸರಳಿನ ಮೂಲೆ. ಚಪ್ಪಟೆ ಮುಖವನ್ನು ಹೊಟ್ಟೆಗೆ ಮಾತ್ರ ಬಳಸಿ. ಪೀಠದ ಜೊತೆ ಬರುವ ಹಿತ್ತಾಳೆಯ ಕಡ್ಡಿಗಳನ್ನು ಸಿಕ್ಕಿಸಿಕೊಳ್ಳಿ, ಕೈಗೆ ರಕ್ಷಣೆ ಅದು. ಸರಳು ಕಪ್ಪಾದರೆ ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿ ತೊಳೆಯಿರಿ, ಎಣ್ಣೆ ಹಾಕಬೇಡಿ.

ಈಗಾಗಲೇ ಗುಳಿ ಬಿದ್ದಿದ್ದರೆ

ಹಳೆಯ ತಪ್ಪಿನಿಂದ ಒಳಬಾಗಿನಲ್ಲಿ ಗುಳಿ ಅಥವಾ ಬುಡದಲ್ಲಿ ಗಂಟು ಬಂದಿದ್ದರೆ ಗುಳಿಯನ್ನು ಮುಟ್ಟಬೇಡಿ. ಅದರ ಎರಡು ಪಕ್ಕದ ಎತ್ತರವನ್ನು ಇಳಿಸಬೇಕು. ಅಪ್ಪಯ್ಯ ಹೇಳಿದ ರೀತಿ ಇಲ್ಲಿ ಚೆನ್ನಾಗಿ ಆಗುತ್ತದೆ. ಚಾಕನ್ನು ಮರದ ಹಲಗೆಯ ಅಂಚಿನಲ್ಲಿ ಬಾಯಿ ಹೊರಗೆ ಬರುವ ಹಾಗೆ ಗಟ್ಟಿಯಾಗಿ ಒತ್ತಿ, ಕೈಗೆ ದಪ್ಪ ಗ್ಲೌಸು ಹಾಕಿ, 400 ನಂಬರಿನ ಕೋಲನ್ನು ಕೈಯಲ್ಲಿ ಹಿಡಿದು ಆಡಿಸಿ. ಕೋಲು ಬಾಯಿಯ ಮೇಲಿನಿಂದ ಆಚೆಗೆ ಹೋಗಲಿ, ನಿಮ್ಮ ಬೆರಳು ಬಾಯಿಯ ಕಡೆಗೆ ಬರಬಾರದು. ಸ್ವಲ್ಪ ಸ್ವಲ್ಪವೇ ಇಳಿಸಿ, ಎರಡು ದಿನ ತೆಗೆದುಕೊಂಡರೂ ಪರವಾಗಿಲ್ಲ. ಬೆಳಕಿನ ಎದುರು ಹಿಡಿದರೆ ಬಾಗಿನ ಗೆರೆ ಎಲ್ಲೂ ಮುರಿಯದೆ ಹರಿದ ಹಾಗೆ ಕಾಣಬೇಕು.

ಚೊಗರು, ಮೇಣ, ಎಣ್ಣೆ

ಹಸಿ ಅಡಿಕೆಯ ಚೊಗರು ತಾಗಿದರೆ ಉಕ್ಕು ಕಪ್ಪಾಗುತ್ತದೆ. ಅದು ತುಕ್ಕಲ್ಲ, ಹೆದರಬೇಕಾಗಿಲ್ಲ. ಆದರೆ ಹಾಗೇ ಬಿಟ್ಟರೆ ಅದರ ಕೆಳಗೆ ತೇವ ಕೂರುತ್ತದೆ, ಆವತ್ತೇ ತೊಳೆದುಬಿಡಿ. ಮಾವಿನಕಾಯಿ, ಹುಣಸೆ, ನಿಂಬೆಯ ಹುಳಿಗೂ ಇದೇ ಮಾತು. ಹಲಸಿನ ಮೇಣ ನೀರಿಗೆ ಜಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ ಎರಡು ನಿಮಿಷ ಬಿಟ್ಟು, ಬೆನ್ನಿನ ಕಡೆಯಿಂದ ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ಒಳಬಾಗಿನಲ್ಲಿ ಮೇಣ ಉಳಿದುಕೊಳ್ಳುವುದು ಜಾಸ್ತಿ, ಅಲ್ಲಿ ಇನ್ನೊಮ್ಮೆ ನೋಡಿ.

ಕೊಬ್ಬರಿ ಎಣ್ಣೆಯನ್ನು ಅಲಗಿಗೆ ಮಾತ್ರ ಹಚ್ಚಿ, ಮಡಚುವ ಕೀಲಿಗೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗ್ಗೆ ಚಾಕು ಬಿಚ್ಚಲು ಬರುವುದಿಲ್ಲ. ಕೀಲಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೇ ಹನಿ ಬಿಟ್ಟು, ಹತ್ತು ಸಲ ತೆರೆದು ಮಡಚಿ, ಹೊರಗೆ ಬಂದದ್ದನ್ನು ಒರೆಸಿ. ಜೇಬಿನ ನೂಲು, ಧೂಳು ಹಿಡಿಯ ಒಳಗೆ ಸೇರಿ ಬೀಗಕ್ಕೆ ಅಡ್ಡ ನಿಲ್ಲುತ್ತದೆ. ತಿಂಗಳಿಗೊಮ್ಮೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೆಗೆಯಿರಿ.

ದಿನಾ ಬಳಸುವ ಚಾಕಾದರೆ ವಾರಕ್ಕೊಮ್ಮೆ ಬೆಲ್ಟಿಗೆ ಸವರಿ, ತಿಂಗಳಿಗೊಮ್ಮೆ 2000 ನಂಬರಿನಲ್ಲಿ ಹತ್ತು ಎಳೆತ ಕೊಡಿ. ಹೀಗಿದ್ದರೆ 400 ನಂಬರು ಬೇಕಾಗುವುದು ವರ್ಷಕ್ಕೆ ಒಂದು ಸಲವೂ ಇಲ್ಲ. ಹರಿತ ನೋಡಲು ಕಾಗದ ಕತ್ತರಿಸುವವರು ಇದ್ದಾರೆ, ಆದರೆ ಕಾಗದ ಹೊಟ್ಟೆಯ ಹರಿತವನ್ನು ಮಾತ್ರ ಹೇಳುತ್ತದೆ. ಒಂದು ಸುತಳಿ ದಾರವನ್ನು ಮಡಚಿ ಕೊಕ್ಕೆ ಮಾಡಿ, ಒಳಬಾಗಿನಲ್ಲಿ ಸಿಕ್ಕಿಸಿ, ಜಗ್ಗದೆ ಮೆಲ್ಲಗೆ ಎಳೆಯಿರಿ. ಒಂದೇ ಎಳೆತಕ್ಕೆ ಎರಡು ಎಳೆಯೂ ಕಡಿದು ಕೈಗೆ ಬಂದರೆ ಮಸೆದದ್ದು ಸರಿಯಾಗಿದೆ. ಜಾರಿ ಹೊಟ್ಟೆಗೆ ಬಂದು ಕಡಿದರೆ ಒಳಬಾಗು ಇನ್ನೂ ಮೊಂಡಿದೆ, ಮಾರ್ಕರ್ ಬಳಿದು 1000 ನಂಬರಿನಿಂದ ಆ ಜಾಗಕ್ಕೆ ಇನ್ನೊಮ್ಮೆ ಬನ್ನಿ.